ಯಾವ ಬಿಳಿ ಅದು? ಮಳೆಗಾಲದಲ್ಲಿ ಬುಗಾಟಿ ಮಾದರಿಯ ಬಣ್ಣ ಮಬ್ಬಾದಾಗ

ಪುಷ್ಯ ಮಳೆ ಹಿಡಿದ ನಾಲ್ಕನೇ ದಿನ ಸಕಲೇಶಪುರದ ಹುಡುಗನೊಬ್ಬ ಫೋನ್ ಮಾಡಿದ. ಅವನು ಎರಡು ವರ್ಷದಿಂದ ಸ್ಕೇಲ್ ಮಾಡೆಲ್, ಅಂದರೆ ನಿಜವಾದ ಕಾರುಗಳ ಪುಟ್ಟ ಪ್ಲಾಸ್ಟಿಕ್ ಮಾದರಿ, ಕಟ್ಟುತ್ತಿದ್ದಾನೆ. ಕೈ ಚೆನ್ನಾಗಿದೆ, ತಾಳ್ಮೆಯೂ ಇದೆ. ಆದರೆ ಅವತ್ತು ದನಿ ಕುಗ್ಗಿತ್ತು.

"ಅಣ್ಣಾ, ಕಾರು ಹಾಳಾಗೋಯ್ತು. ನೀಲಿ ಮೇಲೆ ಬೂದಿ ಬಿದ್ದಂಗೆ ಆಗಿದೆ."

"ಫೋಟೋ ಕಳಿಸು. ಬೂದಿ ಕಾಣಿಸಿದ ಮೇಲೆ ಏನು ಮಾಡಿದೆ?"

"ಇನ್ನೊಂದು ಕೋಟ್ ಹೊಡೆದೆ ಅಣ್ಣಾ. ಇನ್ನೂ ಜಾಸ್ತಿ ಆಯ್ತು."

ಫೋಟೋ ಬಂತು. 1/24 ಅಳತೆಯ ಬುಗಾಟಿ ಟೈಪ್ 35ಬಿ, 1920ರ ದಶಕದ ರೇಸ್ ಕಾರು. ನಿಜವಾದ ಕಾರಿನ ಎರಡು ಆಕ್ಸಲ್‌ಗಳ ನಡುವೆ 2.4 ಮೀಟರ್ ಅಂತರ. ಈ ಮಾದರಿಯಲ್ಲಿ ಅದು ಸರಿಯಾಗಿ 10 ಸೆಂಟಿಮೀಟರ್. ಅಂಗೈಯಲ್ಲಿ ಹಿಡಿಯುವಂಥ ಕಾರು. ಕುದುರೆ ಲಾಳದ ಆಕಾರದ ರೇಡಿಯೇಟರ್, ಬಾನೆಟ್ಟಿನ ಪಕ್ಕದ ಗಾಳಿ ಸೀಳುಗಳು, ಚೂಪಾದ ಬಾಲ ಎಲ್ಲವನ್ನೂ ಹುಡುಗ ನೀಟಾಗಿ ತೀಡಿ ಸಿದ್ಧ ಮಾಡಿದ್ದ. ಅದರ ಮೇಲೆ ಹಾಲಿನ ಕೆನೆಯಂಥ ಮಬ್ಬು.

ಮಲೆನಾಡಿನಲ್ಲಿ ಮಾಡೆಲ್ ಕಟ್ಟುವವರಿಗೆಲ್ಲ ಒಂದಲ್ಲ ಒಂದು ದಿನ ಈ ಬಿಳಿ ಎದುರಾಗುತ್ತದೆ. ನನಗೂ ಆಗಿದೆ, ತುಂಬಾ ಸಲ. ಅಷ್ಟು ವರ್ಷದಲ್ಲಿ ನಾನು ಕಲಿತದ್ದು ಒಂದೇ. ಬಿಳಿ ಅನ್ನುವುದು ಒಂದು ದೋಷವಲ್ಲ. ಕಡಿಮೆ ಅಂದರೂ ಆರು ಬೇರೆ ಬೇರೆ ದೋಷಗಳು ಇದೇ ಬಣ್ಣದಲ್ಲಿ ಕಾಣಿಸಿಕೊಳ್ಳುತ್ತವೆ. ಒಂದಕ್ಕೆ ಮದ್ದಾಗುವುದು ಇನ್ನೊಂದಕ್ಕೆ ವಿಷ. ಹಾಗಾಗಿ ಯಾವ ಬಿಳಿ ಅಂತ ಗೊತ್ತಾಗುವವರೆಗೆ ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಶ್ ಮುಟ್ಟಬೇಡಿ, ಬಣ್ಣ ತೆಳು ಮಾಡುವ ಥಿನ್ನರ್ ಬಾಟಲಿಯ ಮುಚ್ಚಳವನ್ನೂ ತೆಗೆಯಬೇಡಿ. ನಾನು ನೋಡಿದ ಹಾಳಾದ ಮಾದರಿಗಳಲ್ಲಿ ಹೆಚ್ಚಿನವು ಹಾಳಾದದ್ದು ಮೊದಲ ದೋಷದಿಂದಲ್ಲ, ಗಾಬರಿಯಲ್ಲಿ ಮಾಡಿದ ರಿಪೇರಿಯಿಂದ.

ಕೈ ಹಾಕುವ ಮೊದಲು

ಮಾದರಿಯನ್ನು ಕಿಟಕಿ ಪಕ್ಕ ಹಗಲು ಬೆಳಕಿನಲ್ಲಿ ಇಡಿ. ಟ್ಯೂಬ್‌ಲೈಟ್ ಕೆಳಗೆ ಎಲ್ಲ ಬಿಳಿಯೂ ಒಂದೇ ಥರ ಕಾಣುತ್ತದೆ. ಆಮೇಲೆ ನಿಮ್ಮನ್ನೇ ನೀವು ಕೇಳಿಕೊಳ್ಳಿ: ಇದು ಯಾವಾಗ ಬಂತು? ಬಣ್ಣ ಹೊಡೆಯುತ್ತಿದ್ದಾಗಲೇ ಬಂತಾ, ಅಂಟು ಹಾಕಿದ ಮಾರನೇ ಬೆಳಗ್ಗೆ ಕಂಡಿತಾ, ನಂಬರ್ ಸ್ಟಿಕ್ಕರ್ ಕೂರಿಸಿದ ಮೇಲಾ, ಇಲ್ಲ ಎರಡು ತಿಂಗಳು ಬೀರುವಿನಲ್ಲಿ ಇಟ್ಟು ತೆಗೆದಾಗಲಾ? ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

ಇನ್ನರ್ಧಕ್ಕೆ ಬೆರಳು ಬೇಕು. ಬಣ್ಣ ಪೂರ್ತಿ ಒಣಗಿದ ಮೇಲೆ ಕೈ ತೊಳೆದು ಒರೆಸಿಕೊಂಡು ಮೆಲ್ಲಗೆ ಸವರಿ. ನುಣ್ಣಗಿದೆಯಾ, ಮರಳು ಮರಳಾಗಿದೆಯಾ, ಪುಡಿ ಬೆರಳಿಗೆ ಹತ್ತುತ್ತಾ? ಕೊನೆಗೆ ಒಂದು ಹನಿ ನೀರು ಇಡಿ. ನೀರು ಇರುವಷ್ಟು ಹೊತ್ತು ಬಿಳಿ ಮಾಯವಾಗಿ, ಒಣಗಿದ ಮೇಲೆ ವಾಪಸ್ ಬಂದರೆ ದೋಷ ಮೇಲ್ಮೈಯಲ್ಲಿದೆ. ತರಿತರಿಯಾದ ಮೇಲ್ಮೈ ಬೆಳಕನ್ನು ಚದುರಿಸುವುದರಿಂದ ಬಿಳಿ ಕಾಣುತ್ತದೆ. ನೀರು ಆ ತಗ್ಗುಗಳನ್ನು ತುಂಬಿದಾಗ ಒಳಗಿನ ನೀಲಿ ಕಾಣಿಸುತ್ತದೆ. ನೀರು ಹಾಕಿದರೂ ಬಿಳಿ ಹಾಗೇ ಇದ್ದರೆ ಅದು ಬಣ್ಣದ ಒಳಗೋ ಕೆಳಗೋ ಇದೆ. ನಮ್ಮ ಇಡೀ ಪತ್ತೆ ಕೆಲಸದಲ್ಲಿ ಇಷ್ಟು ಅಗ್ಗದ, ಇಷ್ಟು ನಿಯತ್ತಿನ ಪರೀಕ್ಷೆ ಇನ್ನೊಂದಿಲ್ಲ.

ಹೊಡೆಯುವಾಗಲೇ ಬಂದ ಬಿಳಿ

ಬಣ್ಣ ಹೊಡೆದು ಒಂದೆರಡು ನಿಮಿಷದಲ್ಲಿ, ಒದ್ದೆ ಹೊಳಪು ಹೋಗುತ್ತಿದ್ದ ಹಾಗೆಯೇ ಮಂಜು ಕವಿದಂತೆ ಮಬ್ಬು ಬಂತಾ? ಬೆರಳಿಗೆ ನುಣ್ಣಗೇ ಇದೆಯಾ? ಬಾನೆಟ್ಟಿನ ಅಗಲವಾದ ಜಾಗದಲ್ಲಿ, ಬಣ್ಣ ದಪ್ಪ ಬಿದ್ದ ಕಡೆ ಜಾಸ್ತಿ ಇದೆಯಾ? ಹಾಗಿದ್ದರೆ ಇದು ತೇವದ ಬಿಳಿ. ಬಣ್ಣದ ಕೆಲಸದವರು ಇದಕ್ಕೆ ಬ್ಲಶಿಂಗ್ ಅನ್ನುತ್ತಾರೆ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಣುವ ಬಿಳಿಯಲ್ಲಿ ಇದೇ ಮುಖ್ಯವಾದದ್ದು.

ಆಗುವುದು ಹೀಗೆ. ಲ್ಯಾಕರ್ ಅಂದರೆ ಬೇಗ ಆರುವ ಬಣ್ಣ. ಅದರ ಥಿನ್ನರ್ ಬಹಳ ಬೇಗ ಆವಿಯಾಗುತ್ತದೆ. ಆವಿಯಾಗುವಾಗ ಮೇಲ್ಮೈಯಿಂದ ಬಿಸಿ ಎಳೆದುಕೊಳ್ಳುತ್ತದೆ. ಕೈ ಮೇಲೆ ಥಿನ್ನರ್ ಬಿದ್ದರೆ ತಣ್ಣಗಾಗುತ್ತದಲ್ವಾ, ಅದೇ. ತಣ್ಣಗಾದ ಬಣ್ಣದ ಮೇಲೆ ಗಾಳಿಯ ತೇವ ಇಬ್ಬನಿಯಂತೆ ಕೂರುತ್ತದೆ. ಆ ನೀರು ಇನ್ನೂ ಹಸಿಯಾಗಿರುವ ಬಣ್ಣದೊಳಗೆ ಸಿಕ್ಕಿಕೊಂಡು ಅದನ್ನು ಹುಳಿ ಬಿದ್ದ ಹಾಲಿನಂತೆ ಒಡೆಸುತ್ತದೆ. ಕೊನೆಗೆ ನೀರು ಹೋದರೂ ಸಣ್ಣ ಸಣ್ಣ ಪೊಳ್ಳುಗಳು ಉಳಿಯುತ್ತವೆ. ಆ ಪೊಳ್ಳುಗಳೇ ಬಿಳಿಯಾಗಿ ಕಾಣುವುದು.

ಇಲ್ಲಿ ಸ್ವಲ್ಪ ಲೆಕ್ಕ ಹೇಳುತ್ತೇನೆ, ಯಾಕೆಂದರೆ ಈ ಲೆಕ್ಕ ಅರ್ಥವಾದ ದಿನದಿಂದ ನನ್ನ ಮಳೆಗಾಲ ಬದಲಾಯಿತು. ಕೋಣೆ 22 ಡಿಗ್ರಿ ಇದೆ, ಗಾಳಿಯ ತೇವ 90 ಪರ್ಸೆಂಟ್ ಇದೆ ಅಂದುಕೊಳ್ಳಿ. ಚಿಕ್ಕಮಗಳೂರಿನಲ್ಲಿ ಜುಲೈ ತಿಂಗಳ ಮಾಮೂಲಿ ಬೆಳಗು. ಆ ಗಾಳಿ ಸುಮಾರು 20.3 ಡಿಗ್ರಿಗೆ ಇಳಿದರೆ ಇಬ್ಬನಿ ಬೀಳುತ್ತದೆ. ಅಂದರೆ ನಿಮ್ಮ ಬಣ್ಣ ಎರಡು ಡಿಗ್ರಿಯೂ ತಣ್ಣಗಾಗಬೇಕಿಲ್ಲ, ಬಿಳಿ ಬಂದೇ ಬಿಡುತ್ತದೆ. ಅದೇ ಕೋಣೆಯನ್ನು 28 ಡಿಗ್ರಿಗೆ ಬಿಸಿ ಮಾಡಿ. ಗಾಳಿಯಿಂದ ಒಂದು ಹನಿ ನೀರನ್ನೂ ತೆಗೆದಿಲ್ಲ, ಆದರೂ ಬಿಸಿ ಗಾಳಿ ಹೆಚ್ಚು ನೀರು ಹಿಡಿಯಬಲ್ಲದಾದ್ದರಿಂದ ತೇವ ಸುಮಾರು 63 ಪರ್ಸೆಂಟಿಗೆ ಇಳಿಯುತ್ತದೆ. ಈಗ ಬಣ್ಣ ಏಳೆಂಟು ಡಿಗ್ರಿ ತಣ್ಣಗಾದರೆ ಮಾತ್ರ ಅಪಾಯ. ತೇವ ಅಳೆಯುವ ಪುಟ್ಟ ಡಿಜಿಟಲ್ ಮೀಟರ್ ಕಡಿಮೆ ಬೆಲೆಗೆ ಸಿಗುತ್ತದೆ. ಅದು ಇಲ್ಲದೆ ಮಲೆನಾಡಿನಲ್ಲಿ ಲ್ಯಾಕರ್ ಹೊಡೆಯಬೇಡಿ. ನನ್ನ ಮಿತಿ 65. ಅದಕ್ಕಿಂತ ಮೇಲಿದ್ದರೆ ಅವತ್ತು ಆಸನ ಅಂಟಿಸುತ್ತೇನೆ, ಚಕ್ರ ತೀಡುತ್ತೇನೆ, ಬಣ್ಣ ಮುಟ್ಟುವುದಿಲ್ಲ.

ಮೀಟರ್ ಕೊಳ್ಳುವ ಮೊದಲು ನನಗೆ ಮುಳ್ಳಯ್ಯನಗಿರಿಯೇ ಮೀಟರ್ ಆಗಿತ್ತು. ಟೆರೇಸಿನಿಂದ ಗಿರಿಯ ತಲೆ ಸ್ಪಷ್ಟವಾಗಿ ಕಂಡರೆ ಬಣ್ಣದ ದಿನ, ಇಲ್ಲದಿದ್ದರೆ ಇಲ್ಲ. ಒರಟು ಲೆಕ್ಕ, ಆದರೂ ಮೋಸ ಮಾಡಿದ್ದು ಕಡಿಮೆ. ಕಣದಲ್ಲಿ ಕಾಫಿ ಹರವುವ ತಿಂಗಳುಗಳು ನಮಗೂ ಒಳ್ಳೆಯ ತಿಂಗಳುಗಳು. ಬೀಜ ಒಣಗುವ ಗಾಳಿಯಲ್ಲಿ ಬಣ್ಣವೂ ಚೆನ್ನಾಗಿ ಒಣಗುತ್ತದೆ.

ಈಗ ಮದ್ದು. ಒಳ್ಳೆಯ ಸುದ್ದಿ ಏನೆಂದರೆ, ಎಲ್ಲ ಬಿಳಿಗಳಲ್ಲಿ ಸುಲಭವಾಗಿ ವಾಪಸ್ ಹೋಗುವುದು ಇದೇ. ಮೇಲೆ ಏನನ್ನೂ ಹೊಡೆಯದೆ ಕಾಯಿರಿ. ಮಳೆ ಬಿಟ್ಟು ತೇವ ಇಳಿದ ಹೊತ್ತಿನಲ್ಲಿ, ಅದೇ ಬಣ್ಣಕ್ಕೆ ಹೊಂದುವ ನಿಧಾನ ಆರುವ ಥಿನ್ನರ್ ತೆಗೆದುಕೊಳ್ಳಿ. ಹಾಬಿ ಅಂಗಡಿಗಳಲ್ಲಿ ಇದು ಲೆವೆಲಿಂಗ್ ಥಿನ್ನರ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಇಲ್ಲವೇ ಇರುವ ಥಿನ್ನರಿಗೆ, ಆರುವುದನ್ನು ನಿಧಾನ ಮಾಡುವ ರಿಟಾರ್ಡರ್ ಕೆಲವು ಹನಿ ಸೇರಿಸಿ. ಬಣ್ಣ ಬೇಡ, ಬರೀ ಥಿನ್ನರ್. ಏರ್‌ಬ್ರಶ್ಶಿನಲ್ಲಿ ಗಾಳಿಯ ಒತ್ತಡ 15 ಪಿಎಸ್‌ಐ ಆಸುಪಾಸು ಇಟ್ಟು, ದೂರದಿಂದ ಮಂಜಿನಂತೆ ಒಂದು ಸಲ ಹಾಯಿಸಿ. ನಿಲ್ಲಿಸಿ, ನೋಡಿ. ಬಣ್ಣದ ಮೇಲ್ಪದರ ಮತ್ತೆ ಕರಗಿ, ಪೊಳ್ಳುಗಳು ಮುಚ್ಚಿಕೊಂಡು, ನೀಲಿ ಒಳಗಿನಿಂದ ಎದ್ದು ಬರುತ್ತದೆ. ಮೊದಲ ಸಲ ಇದನ್ನು ಕಣ್ಣಾರೆ ನೋಡಿದಾಗ ನನಗೆ ಆದ ಖುಷಿ ಇಷ್ಟು ವರ್ಷವಾದರೂ ಮರೆತಿಲ್ಲ. ಎರಡು ಮೂರು ಸಲ ಹಾಯಿಸಿದರೆ ಸಾಕು. ಒದ್ದೆಯಾಗಿ ಹರಿಯುವಷ್ಟು ಹೊಡೆದರೆ ಗಾಳಿ ಸೀಳುಗಳ ಅಂಚಿನಿಂದ ಬಣ್ಣ ಜಾರಿಬಿಡುತ್ತದೆ.

ಒಂದು ಎಚ್ಚರಿಕೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಎನ್‌ಸಿ ಥಿನ್ನರನ್ನು ಇದಕ್ಕೆ ಬಳಸಬೇಡಿ. ಅದು ತಗಡಿನ ಬಾಗಿಲಿಗೆ, ಮರಕ್ಕೆ ಸರಿ. ಕಿಟ್ಟಿನ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಆ ಥಿನ್ನರ್ ಅದನ್ನು ತಿಂದು ಜೇಡರ ಬಲೆಯಂಥ ಸಣ್ಣ ಬಿರುಕು ಬಿಡಿಸುತ್ತದೆ. ಯಾವ ಥಿನ್ನರ್ ಆದರೂ ಮೊದಲು ಭಾಗಗಳು ಅಂಟಿಕೊಂಡು ಬರುವ ಕಡ್ಡಿಯ ಮೇಲೆ ಹಾಕಿ ನೋಡಿ.

ಮಳೆಗಾಲದಲ್ಲೇ ಹೊಡೆಯಬೇಕಾದರೆ? ನಾನು ಒಂದು ರಟ್ಟಿನ ಪೆಟ್ಟಿಗೆಗೆ 60 ವ್ಯಾಟಿನ ಹಳೇ ಬಲ್ಬು ಹಾಕಿಟ್ಟಿದ್ದೇನೆ, ಕೋಳಿಮರಿಗೆ ಕಾವು ಕೊಡುತ್ತಾರಲ್ಲ, ಹಾಗೆ. ಬಲ್ಬು ರಟ್ಟಿಗೂ ಪ್ಲಾಸ್ಟಿಕ್ಕಿಗೂ ತಾಗದಂತೆ ಮೇಲಿರಬೇಕು. ಬಣ್ಣ ಹೊಡೆಯುವ ಅರ್ಧ ಗಂಟೆ ಮೊದಲು ಮಾದರಿಯನ್ನು ಅದರಲ್ಲಿ ಇಡುತ್ತೇನೆ. ಒಳಗಿನ ಬಿಸಿ 40 ಡಿಗ್ರಿ ದಾಟಬಾರದು. ಪ್ಲಾಸ್ಟಿಕ್ಕೇ ಬೆಚ್ಚಗಿದ್ದರೆ ಇಬ್ಬನಿಗೆ ಕೂರಲು ಜಾಗವಿಲ್ಲ. ಹೊಡೆದ ಮೇಲೆ ಹತ್ತು ಹದಿನೈದು ನಿಮಿಷ ಹೊರಗೆ ಬಿಟ್ಟು, ಥಿನ್ನರ್ ವಾಸನೆ ಕಡಿಮೆಯಾದ ಮೇಲೆ ಮತ್ತೆ ಪೆಟ್ಟಿಗೆಗೆ. ಥಿನ್ನರ್ ಆವಿ ಬಿಸಿ ಬಲ್ಬಿನ ಹತ್ತಿರ ತುಂಬಿಕೊಳ್ಳಬಾರದು. ಇದೇ ಕಾರಣಕ್ಕೆ ಹಂಡೆ ಒಲೆ ಇರುವ ಬಚ್ಚಲಿಗೆ ಮಾದರಿ ಒಯ್ಯಬೇಡಿ. ಅಲ್ಲಿ ಬಟ್ಟೆ ಒಣಗುತ್ತದೆ, ಮಾದರಿಯೂ ಒಣಗುತ್ತದೆ ಅನ್ನಿಸುವುದು ಸಹಜ. ಆದರೆ ಹಸಿ ಲ್ಯಾಕರ್ ಬೆಂಕಿಯ ಹತ್ತಿರ ಹೋಗಲೇಬಾರದು. ಮಸಿಯೂ ಕೂರುತ್ತದೆ.

ಸ್ಪ್ರೇ ಡಬ್ಬಿ ಬಳಸುವವರಿಗೆ ಈ ಕಾಟ ಇನ್ನೂ ಜಾಸ್ತಿ. ಡಬ್ಬಿಯಿಂದ ಹೊರಬರುವ ಗ್ಯಾಸ್ ತಾನೂ ಹಿಗ್ಗಿ ತಣ್ಣಗಾಗುತ್ತದೆ, ಬಣ್ಣವೂ ದಪ್ಪ ಬೀಳುತ್ತದೆ. ತೆಳ್ಳಗೆ, ಬಿಟ್ಟು ಬಿಟ್ಟು ಹೊಡೆಯಿರಿ.

ಈ ಬಿಳಿ ಹೊಸ ಕಾಯಿಲೆ ಏನಲ್ಲ. ಟೈಪ್ 35 ಮೊದಲ ಸಲ ರೇಸಿಗೆ ಇಳಿದದ್ದು 1924ರಲ್ಲಿ, ಫ್ರಾನ್ಸಿನ ಲಿಯೋನ್ ಹತ್ತಿರ ನಡೆದ ಗ್ರಾಂ ಪ್ರಿಯಲ್ಲಿ. ಅದೇ 1924ರ ಮಾದರಿಯ ಓಕ್ಲೆಂಡ್ ಕಾರುಗಳಿಗೆ ಅಮೆರಿಕದ ಜನರಲ್ ಮೋಟರ್ಸ್ ಡ್ಯೂಕೊ ಎಂಬ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಬಳಿಯಿತು. ಆ ಬಣ್ಣವೂ ನೀಲಿಯೇ. ವಾರಗಟ್ಟಲೆ ಒಣಗಿಸುವ ಕೆಲಸ ಗಂಟೆಗಳಿಗೆ ಇಳಿಯಿತು. ಬೇಗ ಆರುವ ಬಣ್ಣ ಬಂದಲ್ಲೆಲ್ಲ ತೇವದ ಬಿಳಿಯೂ ಜೊತೆಗೆ ಬಂತು. ರಿಟಾರ್ಡರ್ ಎನ್ನುವ ನಿಧಾನದ ಥಿನ್ನರ್ ಹುಟ್ಟಿದ್ದೇ ಇಂಥ ತೊಂದರೆಗೆ.

ಮರಳು ಮರಳಾದ ಬಿಳಿ

ಬೆರಳಿಗೆ ಸಣ್ಣ ಉಪ್ಪುಕಾಗದದಂತೆ ತಾಗಿದರೆ ಅದು ತೇವದ ದೋಷವಲ್ಲ. ಬಣ್ಣ ಗಾಳಿಯಲ್ಲೇ ಅರ್ಧ ಒಣಗಿ ಪುಡಿಯಾಗಿ ಬಿದ್ದಿದೆ. ಬುಗಾಟಿಯಲ್ಲಿ ಇದು ಯಾವಾಗಲೂ ಮೂಲೆಗಳಲ್ಲಿ ಸಿಗುತ್ತದೆ: ಡ್ರೈವರ್ ಕೂರುವ ಗುಂಡಿಯ ಅಂಚಿನಲ್ಲಿ, ಬಾನೆಟ್ಟು ರೇಡಿಯೇಟರಿಗೆ ಸೇರುವಲ್ಲಿ. ಏರ್‌ಬ್ರಶ್ ದೂರ ಹಿಡಿದಿದ್ದೀರಿ, ಇಲ್ಲ ಬಣ್ಣ ಗಟ್ಟಿಯಾಗಿದೆ, ಇಲ್ಲ ಗಾಳಿಯ ಒತ್ತಡ ಜಾಸ್ತಿ. ಒಣಗಿದ ಮೇಲೆ 2000 ನಂಬರಿನ ವಾಟರ್ ಪೇಪರಿನಿಂದ ನೀರು ಹಾಕಿ ಮೆಲ್ಲಗೆ ತೀಡಿ, ಇನ್ನಷ್ಟು ತೆಳು ಮಾಡಿದ ಬಣ್ಣವನ್ನು 10 ಸೆಂಟಿಮೀಟರ್ ಹತ್ತಿರದಿಂದ ಹೊಡೆಯಿರಿ. ಇಲ್ಲಿ ಬರೀ ಥಿನ್ನರ್ ಹಾಯಿಸಿದರೆ ಪುಡಿ ಅಲ್ಲೇ ಅಂಟಿಕೊಂಡು ಗಂಟಾಗುತ್ತದೆ. ಮೊದಲು ತೀಡಲೇಬೇಕು.

ಮಬ್ಬಿನ ಬದಲು ಗುಂಡು ಗುಂಡಾದ ಚುಕ್ಕೆಗಳಿದ್ದರೆ ಏರ್‌ಬ್ರಶ್ಶೇ ನೀರು ಉಗುಳಿದೆ. ಕಂಪ್ರೆಸರ್ ಗಾಳಿಯನ್ನು ಒತ್ತಿದಾಗ ಬಿಸಿಯಾಗುತ್ತದೆ, ಪೈಪಿನಲ್ಲಿ ತಣ್ಣಗಾಗುತ್ತಾ ನೀರು ಬಿಡುತ್ತದೆ. ನೀರು ಹಿಡಿಯುವ ಫಿಲ್ಟರ್ ಕಂಪ್ರೆಸರ್ ಮೇಲೆ ಇದ್ದರೆ ಸಾಲದು, ಪೈಪಿನ ಈ ತುದಿಯಲ್ಲಿ, ಕೈ ಹತ್ತಿರ ಇನ್ನೊಂದು ಬೇಕು. ಟ್ಯಾಂಕ್ ಇದ್ದರೆ ಪ್ರತಿ ಸಲ ಕೆಳಗಿನ ಬೋಲ್ಟ್ ಬಿಚ್ಚಿ ನೀರು ಇಳಿಸಿ. ಆಶ್ಲೇಷ ಮಳೆಯ ದಿನಗಳಲ್ಲಿ ನನ್ನ ಟ್ಯಾಂಕಿನಿಂದ ಒಂದು ಗಂಟೆ ಕೆಲಸಕ್ಕೆ ಚಮಚಗಟ್ಟಲೆ ನೀರು ಬರುತ್ತದೆ.

ಅಂಟಿನ ಹೊಗೆ

ಇದು ನನ್ನ ಮಾದರಿಯ ಕಥೆ. 1/12 ಅಳತೆಯ ದೊಡ್ಡ ಬುಗಾಟಿ. ಬಣ್ಣ ಮುಗಿದಿತ್ತು, ಹೊಳಪೂ ಬಂದಿತ್ತು. ಡ್ರೈವರ್ ಎದುರಿನ ಪುಟ್ಟ ಗಾಳಿ ತಡೆಯುವ ಗಾಜನ್ನು, ಅದರ ಹಿತ್ತಾಳೆ ಚೌಕಟ್ಟನ್ನು ಸೂಪರ್ ಗ್ಲೂನಿಂದ ಕೂರಿಸಿದೆ. ಧೂಳು ಕೂರಬಾರದೆಂದು ಮೇಲೆ ಒಂದು ಪ್ಲಾಸ್ಟಿಕ್ ಡಬ್ಬಿ ಬೋರಲು ಹಾಕಿ ಮಲಗಿದೆ. ಬೆಳಗ್ಗೆ ತೆಗೆದರೆ ಅಂಟಿನ ಸುತ್ತ ಬಿಳಿ ಪುಡಿ, ಗಾಜು ಮಂಜು ಮಂಜು. ಬಾನೆಟ್ಟಿನ ಮೇಲೆ ನನ್ನ ಹೆಬ್ಬೆರಳ ಗುರುತು ಒಂದೊಂದು ಗೆರೆಯೂ ಎಣಿಸುವ ಹಾಗೆ ಬೆಳ್ಳಗೆ ಮೂಡಿತ್ತು.

ಆ ಹೆಬ್ಬೆರಳೇ ದೋಷ ಯಾವುದು ಅಂತ ಹೇಳಿತು. ಸೂಪರ್ ಗ್ಲೂ ಅಂದರೆ ಸಯನೋಆಕ್ರಿಲೇಟ್. ಅದರ ಆವಿ ಗಾಳಿಯ ತೇವಕ್ಕೆ ಸಿಕ್ಕಿ ಗಟ್ಟಿಯಾಗಿ ಹತ್ತಿರದ ಮೇಲ್ಮೈಯಲ್ಲಿ ಕೂರುತ್ತದೆ. ಬೆವರು, ಎಣ್ಣೆ ಇರುವ ಕಡೆ ಮೊದಲು ಕೂರುತ್ತದೆ. ಪೊಲೀಸ್ ಲ್ಯಾಬುಗಳಲ್ಲಿ ವಸ್ತುಗಳ ಮೇಲಿನ ಬೆರಳ ಗುರುತು ಎಬ್ಬಿಸಲು ಇದೇ ಆವಿಯನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಬಳಸುತ್ತಾರೆ. ನಾನು ಡಬ್ಬಿ ಮುಚ್ಚಿ ಅದನ್ನೇ ಮಾಡಿದ್ದೆ.

ಹಾಗಾಗಿ ಬಿಳಿ ಅಂಟಿದ ಜಾಗದ ಸುತ್ತ ಮಾತ್ರ ಇದ್ದು, ದೂರ ಹೋದಂತೆ ಕಡಿಮೆಯಾಗುತ್ತಿದ್ದರೆ, ಮಾರನೇ ದಿನ ಕಂಡಿದ್ದರೆ, ಅದು ಅಂಟಿನ ಹೊಗೆ. ಗಟ್ಟಿಯಾಗಿ ಒಣಗಿದ ಹೊಳಪು ಬಣ್ಣದ ಮೇಲಿದ್ದರೆ ಮೆತ್ತನೆ ಹತ್ತಿ ಬಟ್ಟೆಗೆ ಒಂದಿಷ್ಟು ಪಾಲಿಶ್ ಹಚ್ಚಿ ಸುತ್ತಿ ಸುತ್ತಿ ಒರೆಸಿದರೆ ಹೋಗುತ್ತದೆ. ಗಾಜಿನಂಥ ಪ್ಲಾಸ್ಟಿಕ್ಕಿಗೂ ಅದೇ. ನೇಲ್ ಪಾಲಿಶ್ ತೆಗೆಯುವ ಅಸಿಟೋನ್ ಸೂಪರ್ ಗ್ಲೂ ಕರಗಿಸುತ್ತದೆ ನಿಜ. ಆದರೆ ಬಣ್ಣವನ್ನೂ ಪ್ಲಾಸ್ಟಿಕ್ಕನ್ನೂ ಜೊತೆಗೇ ಕರಗಿಸುತ್ತದೆ. ಅದನ್ನು ಟೇಬಲ್ ಮೇಲೆ ಇಡಲೇಬೇಡಿ.

ಮುಂದೆ ಬರದಂತೆ ಮಾಡುವುದು ಸುಲಭ. ಕಾಣುವ ಜಾಗದಲ್ಲಿ, ಗಾಜಿನಲ್ಲಿ, ಮೀಟರುಗಳ ಮೇಲೆ ಸೂಪರ್ ಗ್ಲೂ ಬೇಡ. ಬಿಳಿ ಫೆವಿಕಾಲ್ ಜಾತಿಯ ಅಂಟು ತೆಳ್ಳಗೆ ಹಚ್ಚಿದರೆ ಒಣಗಿದ ಮೇಲೆ ಕಾಣುವುದೂ ಇಲ್ಲ. ಮಳೆಗಾಲದಲ್ಲಿ ಒಂದು ರಾತ್ರಿ ಬದಲು ಎರಡು ರಾತ್ರಿ ಬಿಡಿ. ಹಿತ್ತಾಳೆಯ ಸಣ್ಣ ಭಾಗಗಳಿಗೆ ಗಟ್ಟಿ ಹಿಡಿತ ಬೇಕಾದರೆ ಎರಡು ಟ್ಯೂಬಿನ ಎಪಾಕ್ಸಿ ಬಳಸಿ. ಹೊರಗಿನ ಹ್ಯಾಂಡ್ ಬ್ರೇಕ್ ಸನ್ನೆಗೆ, ಸ್ಟಿಯರಿಂಗ್ ಸರಳಿಗೆ ನಾನು ಅದನ್ನೇ ಹಾಕುವುದು. ಸೂಪರ್ ಗ್ಲೂ ಹಾಕಲೇಬೇಕೆಂದರೆ ಸೂಜಿ ಮೊನೆಯಷ್ಟು ಹಾಕಿ, ಮುಚ್ಚದೆ, ಸಣ್ಣಗೆ ಫ್ಯಾನ್ ಗಾಳಿ ಆಡುವಂತೆ ಬಿಡಿ. ಆವಿ ಕೂರುವ ಮೊದಲೇ ಹೊರಟು ಹೋಗುತ್ತದೆ.

ನಂಬರಿನ ಕೆಳಗೆ ಬೆಳ್ಳಿ

ರೇಸ್ ಕಾರಿಗೆ ನಂಬರೇ ಮುಖ. ಟೈಪ್ 35 ಮತ್ತು ಅದರ ತಮ್ಮಂದಿರು ಸಿಸಿಲಿಯ ಟಾರ್ಗಾ ಫ್ಲೋರಿಯೋ ರೇಸನ್ನು 1925ರಿಂದ 1929ರವರೆಗೆ ಸತತ ಐದು ವರ್ಷ ಗೆದ್ದಾಗ ಬಾಲದ ಮೇಲೆ ಆ ನಂಬರುಗಳಿದ್ದವು. ಮಾದರಿಯಲ್ಲಿ ಅದು ನೀರಿನಲ್ಲಿ ನೆನೆಸಿ ಜಾರಿಸಿ ಕೂರಿಸುವ ಡೆಕಾಲ್. ಒಣಗಿದ ಮೇಲೆ ನಂಬರಿನ ಸುತ್ತ, ಪಾರದರ್ಶಕವಾಗಿ ಇರಬೇಕಾದ ಅಂಚಿನಲ್ಲಿ ಬೆಳ್ಳಿಯಂಥ ಹೊಳಪು ಕಂಡರೆ ಕೆಳಗೆ ಗಾಳಿ ಸಿಕ್ಕಿದೆ. ನೀರಿನ ಹನಿ ಮೇಲೆ ಇಟ್ಟರೂ ಇದು ಬದಲಾಗುವುದಿಲ್ಲ. ಅದೇ ಗುರುತು.

ತೆಳುವಾದ ಸೂಜಿಯಿಂದ ಬೆಳ್ಳಿ ಇರುವಲ್ಲಿ ಅಲ್ಲಲ್ಲಿ ಚುಚ್ಚಿ. ಡೆಕಾಲ್ ಮೆತ್ತಗೆ ಮಾಡುವ ದ್ರವವನ್ನು, ಮೈಕ್ರೋ ಸಾಲ್ ಅಥವಾ ಅಂಥದ್ದನ್ನು, ಬ್ರಶ್ಶಿನಿಂದ ಹಚ್ಚಿ ಬಿಟ್ಟುಬಿಡಿ. ಅದು ಸುಕ್ಕುಗಟ್ಟಿದರೆ ಹೆದರಿ ಮುಟ್ಟಬೇಡಿ, ಒಣಗುತ್ತಾ ತಾನೇ ಇಳಿದು ಕೂರುತ್ತದೆ. ಎರಡು ಮೂರು ಸಲ ಮಾಡಬೇಕಾಗಬಹುದು. ಮೂಲ ಕಾರಣ ಮಾತ್ರ ಡೆಕಾಲಿನಲ್ಲಿಲ್ಲ, ಕೆಳಗಿನ ಬಣ್ಣದಲ್ಲಿದೆ. ಬಣ್ಣ ತರಿತರಿ ಇದ್ದರೆ ಆ ತಗ್ಗುಗಳಲ್ಲಿ ಗಾಳಿ ಉಳಿಯುತ್ತದೆ. ಹೊಳಪು ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪದರ ಹಾಕಿ, ಅದು ಗಾಜಿನಂತೆ ಆದ ಮೇಲೆಯೇ ಡೆಕಾಲ್.

ಡೆಕಾಲಿನ ಪಕ್ಕ ಬಿಳಿ ಉಂಗುರ, ನೀರು ಹರಿದ ಗೆರೆ ಕಂಡರೆ ಅದು ಬೋರ್‌ವೆಲ್ ನೀರಿನ ಉಪ್ಪು. ಒದ್ದೆ ಹತ್ತಿಯಿಂದ ಒರೆಸಿದರೆ ಹೋಗುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಬಾಟಲಿ ತಂದಿಟ್ಟುಕೊಳ್ಳಿ, ವರ್ಷಕ್ಕೆ ಬರುತ್ತದೆ.

ಸೀಟು ಬೆಳ್ಳಗಾದರೆ

ಆಸನದ ಚರ್ಮಕ್ಕೆ, ಟಯರಿಗೆ ಹೊಳಪಿಲ್ಲದ ಮ್ಯಾಟ್ ಕ್ಲಿಯರ್ ಹಾಕುತ್ತೇವೆ. ಬಾಟಲಿಯನ್ನು ಸರಿಯಾಗಿ ಕುಲುಕದಿದ್ದರೆ, ದಪ್ಪ ಹೊಡೆದರೆ ಅದರೊಳಗಿನ ಮಂಕು ಪುಡಿ ಒಟ್ಟಾಗಿ ಕೂತು ಬಿಳಿಯಾಗುತ್ತದೆ. ಅದರ ಮೇಲೆ ತೆಳ್ಳಗೆ ಹೊಳಪು ಕ್ಲಿಯರ್ ಹೊಡೆಯಿರಿ, ಬಿಳಿ ಮಾಯವಾಗುತ್ತದೆ. ಆಮೇಲೆ ಚೆನ್ನಾಗಿ ಕುಲುಕಿದ ಮ್ಯಾಟ್ ಒಂದೇ ಒಂದು ತೆಳು ಕೋಟ್. ಅಷ್ಟೇ.

ಚಕ್ರಗಳಿಗೆ ಮಾತ್ರ ಯಾವ ಕ್ಲಿಯರ್ ಕೂಡ ಬೇಡ ಅನ್ನುವುದು ನನ್ನ ಅಭಿಪ್ರಾಯ. ಈ ಕಾರಿನ ಎಂಟು ಅಗಲ ಕಡ್ಡಿಗಳ ಎರಕದ ಅಲ್ಯುಮಿನಿಯಂ ಚಕ್ರವೇ ಇದರ ಅಂದ. ಬ್ರೇಕ್ ಡ್ರಮ್ಮೂ ಚಕ್ರದ ಜೊತೆಗೇ ಸೇರಿ ಬರುವ ಹಾಗೆ ಮಾಡಿದ್ದರು. ಲೋಹದ ಬಣ್ಣದ ಮೇಲೆ ಕ್ಲಿಯರ್ ಬಿದ್ದರೆ ಅದು ಬೂದು ಬಣ್ಣಕ್ಕೆ ತಿರುಗಿ ಜೀವ ಹೋಗುತ್ತದೆ.

ಬೂಷ್ಟು

ಇದು ನಮ್ಮ ಕಡೆಯವರಿಗೇ ಮೀಸಲಾದ ಬಿಳಿ. ಹೊರಗಿನವರು ಬರೆದ ಕೈಪಿಡಿಗಳಲ್ಲಿ ಇದು ನನ್ನ ಕಣ್ಣಿಗೆ ಬಿದ್ದಿಲ್ಲ. ಮಳೆಗಾಲ ಮುಗಿದು ಬೀರು ತೆಗೆದಾಗ ಚಪ್ಪಲಿ, ಬೆಲ್ಟು, ಪುಸ್ತಕದ ರಟ್ಟಿನ ಮೇಲೆ ಕಾಣುತ್ತದಲ್ವಾ, ಅದೇ ಬೂಷ್ಟು ಮಾದರಿಗೂ ಹಿಡಿಯುತ್ತದೆ. ಪ್ಲಾಸ್ಟಿಕ್ಕಿಗಲ್ಲ, ಬಣ್ಣಕ್ಕೂ ಅಲ್ಲ. ಬುಗಾಟಿಯ ಬಾನೆಟ್ಟನ್ನು ಬಿಗಿದು ಹಿಡಿಯುವ ಚರ್ಮದ ಪಟ್ಟಿ ಇದೆಯಲ್ಲ, ಅದಕ್ಕೆ. ನಿಜವಾದ ಚರ್ಮವನ್ನು ತೆಳ್ಳಗೆ ಸೀಳಿ ಪಟ್ಟಿ ಮಾಡಿದ್ದೆ. ಎಷ್ಟು ಚೆಂದ ಇತ್ತು! ಅಕ್ಟೋಬರಿನಲ್ಲಿ ನೋಡಿದರೆ ಅದರ ಮೇಲೆ ಬಿಳಿ ನೂಲು ಎದ್ದಿತ್ತು. ಬಳಸದ ಡೆಕಾಲ್ ಹಾಳೆಗಳ ಗೋಂದಿನ ಮೇಲೂ ಬರುತ್ತದೆ. ಬಂದ ಹಾಳೆ ಹಳದಿಯಾಗಿ ಒಡೆಯುತ್ತದೆ.

ಗುರುತು ಸುಲಭ: ಭೂತಗನ್ನಡಿಯಲ್ಲಿ ನೋಡಿದರೆ ಕೂದಲಿನಂತೆ ಎದ್ದಿರುತ್ತದೆ, ಊದಿದರೆ ಅಲುಗುತ್ತದೆ. ಒಣ ಬ್ರಶ್ಶಿನಿಂದ ಮನೆಯ ಹೊರಗೆ ತೆಗೆಯಿರಿ. ಆಮೇಲೆ ಕಡ್ಡಿಗೆ ಸುತ್ತಿದ ಹತ್ತಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ, ಪಟ್ಟಿಯನ್ನು ಮಾತ್ರ ಒರೆಸಿ. ಪಕ್ಕದ ಬಣ್ಣಕ್ಕೆ ತಾಗಿದರೆ ಅದೂ ಏಳಬಹುದು. ನಾನು ಈಗ ಚರ್ಮ ಬಿಟ್ಟಿದ್ದೇನೆ. ಬಣ್ಣ ತಾಗಬಾರದ ಕಡೆ ಅಂಟಿಸುವ ಮಾಸ್ಕಿಂಗ್ ಟೇಪನ್ನು ಎರಡು ಪದರ ಮಾಡಿ, 1 ಮಿಲಿಮೀಟರ್ ಅಗಲ ಕತ್ತರಿಸಿ, ಕಂದು ಬಣ್ಣ ಬಳಿದು ಅಂಚು ಸ್ವಲ್ಪ ಕಪ್ಪು ಮಾಡುತ್ತೇನೆ. ಒಂದು ಹೆಜ್ಜೆ ದೂರದಿಂದ ಯಾರಿಗೂ ವ್ಯತ್ಯಾಸ ತಿಳಿಯದು. ಡೆಕಾಲ್ ಹಾಳೆಗಳನ್ನು ಜಿಪ್ ಕವರಿಗೆ ಹಾಕಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಅಕ್ಕಿ ಡಬ್ಬಿಯಂತೆ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಇಡಿ.

ಸಕಲೇಶಪುರದ ಕಾರು

ಹುಡುಗನಿಗೆ ಇದೇ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದೆ. ಹೊಡೆಯುವಾಗಲೇ ಬಂತು ಅಂದ. ಬಾನೆಟ್ಟು ನುಣ್ಣಗಿದೆ, ಬಾಲದ ಕಡೆ ಮರಳು ಮರಳು ಅಂದ. ನೀರು ಇಟ್ಟು ನೋಡು ಅಂದೆ. ಬಾಲದಲ್ಲಿ ಬಿಳಿ ಪೂರ್ತಿ ಹೋಯಿತು, ಬಾನೆಟ್ಟಿನಲ್ಲಿ ಅರ್ಧಂಬರ್ಧ. ಅಂದರೆ ಎರಡು ದೋಷ ಒಂದೇ ಕಾರಿನಲ್ಲಿ. ಮೊದಲ ಕೋಟಿನಲ್ಲಿ ತೇವ ಹಿಡಿದಿದೆ. ಅದಕ್ಕೆ ಹೆದರಿ ಎರಡನೆಯದನ್ನು ದೂರದಿಂದ ಹೊಡೆದಿದ್ದಾನೆ, ಅದು ಬಾಲದ ಮೇಲೆ ಪುಡಿಯಾಗಿ ಬಿದ್ದಿದೆ, ಬಾನೆಟ್ಟಿನಲ್ಲಿ ಹಳೇ ಮಬ್ಬನ್ನು ಮುಚ್ಚಿದೆ.

"ಎಲ್ಲಾ ಕಿತ್ತು ಹಾಕಲಾ ಅಣ್ಣಾ?"

"ಬೇಡ. ಅಷ್ಟೂ ಆಗದಿದ್ದರೆ ಹಸಿರು ಬಳಿಯೋಣ. 1929ರಲ್ಲಿ ಮೊನಾಕೋದ ಮೊದಲ ಗ್ರಾಂ ಪ್ರಿ ಗೆದ್ದ 35ಬಿ ಹಸಿರೇ ಇತ್ತು. ಗ್ರೋವರ್-ವಿಲಿಯಮ್ಸ್ ಓಡಿಸಿದ್ದು. ಆದರೆ ಮೊದಲು ನೀಲಿಯನ್ನೇ ಉಳಿಸಲು ನೋಡು."

ಹತ್ತು ದಿನ ಕಾದ. ಮಳೆ ಒಂದು ಮಧ್ಯಾಹ್ನ ಬಿಟ್ಟಾಗ ಕೋಣೆ ಬೆಚ್ಚಗೆ ಮಾಡಿಕೊಂಡ. ಮೀಟರ್ 61 ತೋರಿಸುತ್ತಿತ್ತು. ಹೀಟರ್ ಆರಿಸಿ, ಕಿಟಕಿ ಸ್ವಲ್ಪ ತೆಗೆದು, ಮಾಸ್ಕ್ ಹಾಕಿ ಕೂತ. ಎರಡನೇ ಕೋಟನ್ನು 2000 ನಂಬರ್ ಪೇಪರಿನಲ್ಲಿ ತೀಡಿ ತೆಳ್ಳಗೆ ಮಾಡಿದ್ದ. ನಿಧಾನದ ಥಿನ್ನರನ್ನು ಮಂಜಿನಂತೆ ಹಾಯಿಸಿದ. ಸಂಜೆ ಫೋಟೋ ಬಂತು. ಬಾನೆಟ್ಟು ಆಳವಾದ ನೀಲಿಗೆ ಮರಳಿತ್ತು, ಸೀಳುಗಳ ಅಂಚೂ ಚೂಪಾಗಿ ಉಳಿದಿತ್ತು.

ಬಾಲದ ಎಡಗಡೆ ಉಗುರಿನಷ್ಟು ಜಾಗ ಇನ್ನೂ ತರಿತರಿ ಇದೆ. ಅಲ್ಲಿ ನಂಬರ್ ಬರುತ್ತದೆ, ಮುಚ್ಚಿಹೋಗುತ್ತದೆ ಅಂದ. ನಂಬರ್ ಬರುವ ಜಾಗ ಆದ್ದರಿಂದಲೇ ಅದನ್ನು ಈಗಲೇ ತೀಡಬೇಕು ಅಂದೆ. ಇಲ್ಲದಿದ್ದರೆ ಡೆಕಾಲಿನ ಕೆಳಗೆ ಅಲ್ಲೇ ಬೆಳ್ಳಿ ಕಾಣುತ್ತದೆ. ಇವತ್ತು ಅದನ್ನು ತೀಡುತ್ತಿದ್ದಾನೆ. ಕ್ಲಿಯರ್ ಕೋಟನ್ನು ಮಾತ್ರ ಮಖೆ ಮಳೆ ದಾಟಿದ ಮೇಲೆ ಹೊಡೆಯುವುದೆಂದು ಇಬ್ಬರೂ ಒಪ್ಪಿಕೊಂಡಿದ್ದೇವೆ.